ಒಗರಿನ ಲೆಕ್ಕ

ಮೂವತ್ತೊಂದು ವರ್ಷ ಕಾಫಿ ಹೀರಿ ಉಗುಳಿದ್ದಕ್ಕೆ
ಕ್ಯೂರಿಂಗ್ ವರ್ಕ್ಸಿನವರು ಕೊಟ್ಟ ಲಕೋಟೆ
ಇನ್ನೂ ಬ್ಯಾಗಿನಲ್ಲೇ ಇತ್ತು, ಅಂಟು ಬಿಡಿಸದೆ.
ಚಿನ್ನ ಕೊಂಡುಕೋ ಅಂದಳು ನಾದಿನಿ.
"ಬೇಡ ಚೋಂದಮ್ಮ, ಒಂದು ಒಳ್ಳೆ ಬಾಟ್ಲಿ ತಗೋ,
ಒಮ್ಮೆಯಾದರೂ ನುಂಗು"
ಅಂದ ಲಸ್ರಾದೊ, ಪಕ್ಕದ ಸ್ಟೂಲಿನಲ್ಲಿ ಕೂತು
ಅಷ್ಟೇ ವರ್ಷ ಉಗುಳಿದವನು.

ಹಾಗೆ ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ
ಪಳಂಗಪ್ಪನ ಅಂಗಡಿ.
ಮದುವೆಗಾ ಅಕ್ಕ? ಎಷ್ಟು ಕೇಸು?
ಅಲ್ಲ. ಒಂದೇ. ನನಗೆ.

ನಿನ್ನೆ ಯಾವುದೋ ರೆಸಾರ್ಟಿನ ಮ್ಯಾನೇಜರಿಗೆ
ರುಚಿ ತೋರಿಸಲು ತೆಗೆದದ್ದು, ಎರಡರಲ್ಲೂ ಅರ್ಧರ್ಧ:
ಫ್ರಾನ್ಸಿನ ಬೋರ್ಡೊ, ಇಟಲಿಯ ಬರೋಲೊ.
ಬೆಲೆಯಲ್ಲಿ ಇನ್ನೂರೈವತ್ತು ರೂಪಾಯಿ ಹೆಚ್ಚುಕಡಿಮೆ.
ಯಾವುದು ಯಾವುದೆಂದು ಹೇಳಬೇಡ, ಅಂದೆ.
ಹಳೇ ಪೇಪರು ಸುತ್ತು.
ಮತ್ತೆ ಒಂದು ಚೊಂಬು ಕೊಡು, ಉಗುಳಲಿಕ್ಕೆ.

ಮೊದಲನೆಯದು ಕಪ್ಪು. ಬೆಳಕಿಗೆ ಹಿಡಿದರೂ
ಆಚೆಯ ಬೆರಳು ಕಾಣಲಿಲ್ಲ.
ಮೂಗು ಇಳಿಸಿದೆ: ನೇರಳೆ, ಪೆನ್ಸಿಲು ಹೆರೆದ ಸಿಪ್ಪೆ,
ಮಳೆಗಾಲ ಕಳೆದು ಗೋದಾಮು ತೆರೆದಾಗಿನ ತಣ್ಣನೆ ಮರ.
ಸೊರ್ರೆಂದು ಹೀರಿದೆ, ಕೆಲಸದಲ್ಲಿ ಹೀರುವ ಹಾಗೇ.
ಕ್ವಾರ್ಟರಿಗೆ ಸಾಲು ನಿಂತಿದ್ದ ಹುಡುಗ ನಕ್ಕ.
ನಾಲಗೆಯ ನಡುವೆ ನೆಟ್ಟಗೆ ನಡೆದು ಬಂತು
ಇಸ್ತ್ರಿ ಮಾಡಿದ ಕುಪ್ಯ ತೊಟ್ಟ ಹಿರಿಯನಂತೆ,
ಯಾರಿಗೂ ತಾಗದೆ ಹೋಗಿ ಕೂತಿತು.
ದೋಷ ಇಲ್ಲ. ಉಗುಳಿದೆ.

ಎರಡನೆಯದರ ಬಣ್ಣ ನೋಡಿಯೇ
ಲಸ್ರಾದೊ ಮೂಗು ಮುರಿದ: ನೀರು ಬೆರೆಸಿದ್ದಾರೆ.
ನಿಜ, ಮಾಸಿದ ಹೆಂಚಿನ ಕೆಂಪು.
ಆದರೆ ವಾಸನೆ?
ಒಣಗಿದ ಗುಲಾಬಿ, ಸರಿ. ಅದರ ಬೆನ್ನಿಗೇ
ಮಾಕುಟ್ಟದ ರಸ್ತೆಗೆ ಡಾಮರು ಹಾಕುವ ದಿನದ ಬಿಸಿ.
ಬಾಯಿಗೆ ಬಿಟ್ಟರೆ, ಅಯ್ಯೋ, ಒಗರು!

ಒಗರಿಗೂ ಒಕ್ಕಗಳಿವೆ ನಮ್ಮಲ್ಲಿ.
ಬಾಳೆಹೂವಿನದು ಬೇರೆ, ಹಲಸಿನ ಮಿಡಿಯದು ಬೇರೆ.
ಇದು ಒಸಡು ಹಿಡಿದು ಜಗ್ಗುವ ಒಕ್ಕ.
ಜಗ್ಗಾಟದ ನಡುವೆ, ಎಲ್ಲಿಂದಲೋ, ಕಾಚಂಪುಳಿ:
ಹಂದಿ ಕರಿ ಇಳಿಸುವ ಮುಂಚೆ
ಅವ್ವ ಸೌಟಿನ ತುದಿಯಿಂದ ಬಿಡುತ್ತಿದ್ದ ಆ ಕಪ್ಪು ಹನಿ.
ಅದನ್ನೂ ಉಗುಳಿದೆ.

ಮೊದಲನೆಯದೇ, ಅಂದ ಲಸ್ರಾದೊ. ಅದಕ್ಕೆ ನಡತೆ ಇದೆ.
ಇದಕ್ಕೇನಿದೆ? ಬರೀ ಜಗಳ.
ಪಳಂಗಪ್ಪ ನನ್ನ ಕಡೆ ತಿರುಗಿ,
"ಅಕ್ಕ, ನಿಮಗೆ ಯಾವುದು ಇಷ್ಟ?"

ನಮ್ಮ ಹಾಳೆಯಲ್ಲಿ ಅದಕ್ಕೆ ಕಲಂ ಇರಲಿಲ್ಲ.
ಹಸಿ, ಮಣ್ಣು, ಹೊಗೆ, ಗೋಣಿ, ಹುಳಿತದ್ದು,
ಹೀಗೆ ಹದಿನಾಲ್ಕು ದೋಷ, ಹದಿನಾಲ್ಕು ಕಲಂ.
ನಾನು ಪಾಸು ಮಾಡಿದ ಚೀಲಗಳು
ಇದೇ ಇಟಲಿಗೆ ಹಡಗು ಹತ್ತಿದವು.
ಅಲ್ಲಿ ಯಾರೋ ನುಂಗಿದರು.
ಇಷ್ಟವಾಯಿತೆಂದು ಕಾಗದವೇನೂ ಬರಲಿಲ್ಲ.

ಮಗಳು ಕರೆತಂದ ಹುಡುಗನನ್ನೂ ಹೀಗೇ ಮೂಸಿ,
ದೋಷ ಇಲ್ಲ, ಅಂದಿದ್ದೆ.
ಒಳಗೆ ಹೋಗಿ ಅತ್ತಳು.
ಯಾಕೆ ಅಂತ ಆಗ ತಿಳಿಯಲಿಲ್ಲ.

ಇನ್ನೊಮ್ಮೆ ಹಾಕು, ಎರಡನ್ನೂ.
ಮೊದಲನೆಯದು ಚೊಂಬಿಗೆ ಹೋಯಿತು.
ಎರಡನೆಯದು ಬಾಯಲ್ಲಿರುವಾಗಲೇ
ಅಂಗಡಿಯ ಹುಡುಗ ಚೊಂಬು ತೊಳೆಯಲು ಒಯ್ದ.
ಕಾದೆ. ಹೊರಗೆ ಬಸ್ಸಿನವನು
ವಿರಾಜಪೇಟೆ ವಿರಾಜಪೇಟೆ ಎಂದು ಕೂಗುತ್ತಿದ್ದ.
ಒಗರು ಮೆಲ್ಲನೆ ಹಿಡಿ ಸಡಿಲಿಸಿತು,
ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ
ಎಲ್ಲೂ ಇಲ್ಲದ ಒಂದು ಸಿಹಿ,
ಮತ್ತೆ ಗಂಟಲು ತಾನೇ ಬಾಗಿಲು ತೆಗೆಯಿತು.

"ಚೊಂಬು ಇದ್ದಿದ್ದರೆ ಉಗುಳುತ್ತಿದ್ದೆ.
ಇದು ಇಷ್ಟ ಅಲ್ಲ, ಅಪಘಾತ" ಅಂದ ಲಸ್ರಾದೊ.
ಇರಬಹುದು.
ಪೇಪರು ಬಿಚ್ಚಿದರೆ ಇಟಲಿ.
ಇನ್ನೂರೈವತ್ತು ಹೆಚ್ಚಿನದೂ ಅದೇ.
ಲಕೋಟೆ ಹರಿದು ಎಣಿಸಿ ಕೊಟ್ಟೆ.

ಹಾತೂರು ದಾಟಿದ ಮೇಲೆ ನೆನಪಾಯಿತು,
ಬಿರಡೆ ಎಳೆಯುವ ತಿರುಪು ನಮ್ಮಲ್ಲಿಲ್ಲ.
ಮಗಳಿಗೆ ಫೋನು ಹಚ್ಚಿದೆ.
ಅವರ ಹತ್ತಿರ ಇದೆ, ಅಂದಳು.
ಹಾಗಾದರೆ ತಗೊಂಡು ಬಾ. ಅವನನ್ನೂ ಕರಕೊಂಡು ಬಾ.
ಆಚೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ,
ನನ್ನದೇ ಬಸ್ಸಿನ ಸದ್ದು.