ದೂರದ ಚಕ್ರ ಮೊದಲು

ನೆಲದ ಮೇಲೆ ಒಂದು ಹನಿ ಎಣ್ಣೆಯಿರಲಿಲ್ಲ.
ಡಬ್ಬಿ ತುಂಬಿತ್ತು, ಪೈಪು ಒಣಗಿತ್ತು.
ಆದರೂ ಎಂಗುರಿ ಹೊಳೆಯ ಮೇಲಿನ ಇಳಿಜಾರಿನಲ್ಲಿ
ಏಳನೆಯ ತಿರುವಿಗೆ ಬ್ರೇಕಿನ ಪೆಡಲು
ಬೆಣ್ಣೆಗೆ ಬಿದ್ದ ಚಮಚದ ಹಾಗೆ, ಮೆತ್ತಗೆ,
ತಳ ಮುಟ್ಟಿತು.

ಹಿಂದೆ ಎರಡು ಮೂಟೆ ಹಿಟ್ಟು, ಒಂದು ಗ್ಯಾಸ್ ಸಿಲಿಂಡರು.
ಪಕ್ಕದಲ್ಲಿ ತ್ಸಿಯಾಲಾ, ತೊಡೆಯ ಮೇಲೆ ತಂಗಿಯ ಮದುವೆಯ ಕೇಕು.
ಒಂದನೇ ಗೇರಿಗೆ ಇಳಿಸಿದೆ, ಹ್ಯಾಂಡ್‌ಬ್ರೇಕು ಎಳೆದೆ,
ಬಂಡೆಯ ಮೈಗೆ ಬಾಗಿಲು ಉಜ್ಜಿಕೊಂಡು ನಿವಾ ನಿಂತಿತು.
ತ್ಸಿಯಾಲಾ ಚೀರಲಿಲ್ಲ.
ಡ್ಯಾಶ್‌ಬೋರ್ಡಿಗೆ ಮೆತ್ತಿದ ಕೆನೆಯನ್ನು ಬೆರಳಲ್ಲಿ ತೆಗೆದು
ನೆಕ್ಕಿ, "ಸಕ್ಕರೆ ಜಾಸ್ತಿ" ಅಂದಳು.

ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ.
ಅಣೆಕಟ್ಟೆಯ ಸುರಂಗದಲ್ಲಿ ಹನ್ನೊಂದು ವರ್ಷ ಕಲ್ಲು ಕೊರೆದು
ಕಿವಿಯನ್ನು ಅಲ್ಲೇ ಬಿಟ್ಟು ಬಂದವನು.
ಬರೆದು ತೋರಿಸಿದೆ: ಪೆಡಲು ಮುಳುಗಿತು. ಸೋರಿಕೆ ಇಲ್ಲ.
ಓದಿ, ಕನ್ನಡಕ ಹಣೆಗೇರಿಸಿ,
"ಒಳಗೊಳಗೇ ಸೋರಿದೆ" ಅಂದ.
ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ;
ಒತ್ತಿದ್ದು ಮುಂದಕ್ಕೆ ಹೋಗದೆ
ತನ್ನ ಪಕ್ಕದಿಂದಲೇ ನುಸುಳಿ ಹಿಂದಕ್ಕೆ ಬರುತ್ತದೆ.
ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ.
ಅಮ್ಮ ಸತ್ತ ವರ್ಷ ನಾವಿಬ್ಬರೂ ಹಾಗೇ ಇದ್ದೆವು.
ಅದನ್ನು ಬರೆದು ತೋರಿಸಲಿಲ್ಲ.

ಜುಗ್ದಿದಿಯಿಂದ ಮಿನಿಬಸ್ಸಿನಲ್ಲಿ ಹೊಸದು ಬಂತು,
ಯಾರದೋ ಬೆಳ್ಳುಳ್ಳಿ ಚೀಲದಡಿ, ಹಳೆ ಪತ್ರಿಕೆ ಸುತ್ತಿಕೊಂಡು.
ಅಪ್ಪ ಮೂಸಿ ನೋಡಿದ. ವೈಸಿನ ಬಾಯಿಗೆ ಕಚ್ಚಿಸಿ
ಸ್ಕ್ರೂಡ್ರೈವರಿನಿಂದ ಪಿಸ್ಟನ್ ನೂಕಿ ನೂಕಿ
ಹೊಟ್ಟೆಯ ಗಾಳಿ ತೆಗೆದ,
ಹಾಲು ಕುಡಿದ ಕೂಸಿನ ಬೆನ್ನು ತಟ್ಟಿ ತೇಗಿಸುವ ಹಾಗೆ.

ಹಳೆಯದನ್ನು ಬಿಚ್ಚುವಾಗ ನನ್ನ ಕೈಯಿಂದ ಒಂದು ಹನಿ
ಮಡ್‌ಗಾರ್ಡಿನ ಮೇಲೆ ಬಿತ್ತು. ಒರೆಸಲು ಮರೆತೆ.
ಸಂಜೆಯ ಹೊತ್ತಿಗೆ ಹಸಿರು ಬಣ್ಣ ತಿಂದು ಹಾಕಿ
ನಾಣ್ಯದಷ್ಟು ಬರೀ ತಗಡು. ಈಗಲೂ ಇದೆ.

ದೂರದ ಚಕ್ರ ಮೊದಲು: ಹಿಂದಿನದು, ಬಲಗಡೆಯದು.
ಅಲ್ಲಿಗೆ ದಾರಿ ಉದ್ದ, ಗಾಳಿ ಅಡಗಲು ಜಾಗ ಹೆಚ್ಚು.
ಅವನು ಕೆಳಗೆ, ಕುರಿಚರ್ಮದ ಮೇಲೆ ಅಂಗಾತ.
ನಾನು ಮೇಲೆ, ಬೂಟು ಬಿಚ್ಚಿದ ಬಲಗಾಲು.
ಕೂಗಿದರೆ ಕೇಳುವವನಲ್ಲ, ಅದಕ್ಕೇ ಸ್ಪ್ಯಾನರಿನ ಮಾತು:
ತಗಡಿಗೆ ಒಂದೇಟು ಬಿದ್ದರೆ ಮೂರು ಸಲ ತುಳಿದು ಹಿಡಿ,
ಎರಡು ಬಿದ್ದರೆ ಬಿಡು.
ನಾನು ಹಿಡಿದಿದ್ದೇನೆಂದು ನಿನಗೆ ಹೇಗೆ ತಿಳಿಯಬೇಕು, ಬರೆದೆ.
"ಗೊತ್ತಾಗತ್ತೆ" ಅಂದ.

ಟಕ್.
ತುಳಿದೆ, ತುಳಿದೆ, ತುಳಿದು ಹಿಡಿದೆ.
ಅವನ ಅಂಗೈ ಡ್ರಮ್ಮಿನ ಮೇಲೆ;
ಒಳಗೆ ಶೂ ಬಿಗಿದದ್ದು ಅದಕ್ಕೆ ತಿಳಿಯಿತು.
ನಿಪ್ಪಲ್ ಕಾಲು ಸುತ್ತು ಸಡಿಲಿಸಿದ,
ಪೆಡಲು ನನ್ನ ಪಾದದಡಿ ಕುಸಿಯಿತು,
ತಿರುವಿನಲ್ಲಿ ಕುಸಿದ ಹಾಗೆಯೇ, ಅಷ್ಟೇ ಮೆತ್ತಗೆ.
ಬೆನ್ನು ತಣ್ಣಗಾಯಿತು.
ಈ ಸಲ ಆ ಕೊನೆಯಲ್ಲಿ ಒಬ್ಬ ಮನುಷ್ಯನಿದ್ದ, ಅಷ್ಟೇ.
ಟಕ್ ಟಕ್.

ನಳಿಗೆಯಲ್ಲಿ ಗುಳ್ಳೆ ಹೊರಟವಂತೆ,
ಮೊದಲು ಬಟಾಣಿಯಷ್ಟು, ಆಮೇಲೆ ಸಾಸಿವೆ.
ಬೇಲಿಗೆ ಒರಗಿ ಮುರ್ಜಾಕಾನ್ ಬಿಟ್ಟಿ ಸಲಹೆ ಕೊಟ್ಟ:
"ಹತ್ತುವಾಗ ಬ್ರೇಕು ಬೇಡ, ಇಳಿಯುವಾಗ ದೇವರಿದ್ದಾನೆ,
ಇದೆಲ್ಲ ಯಾಕೆ?"
ಅಪ್ಪನಿಗೆ ಕೇಳಿಸಲಿಲ್ಲ. ಮುರ್ಜಾಕಾನನ ಪುಣ್ಯ.
ಡಬ್ಬಿ ಬರಿದಾಗದಂತೆ ನಡುನಡುವೆ ಇಳಿದು ಎಣ್ಣೆ ಹೊಯ್ದೆ,
ಬರಿದಾದರೆ ಮತ್ತೆ ಗಾಳಿ, ಮತ್ತೆ ಮೊದಲಿನಿಂದ.

ನಮ್ಮ ಕಡೆ ಅಪ್ಪ ಮಗಳನ್ನೂ ಅಪ್ಪ ಎಂದೇ ಕರೆಯುವುದು.
ತಾನು ಏನೋ ಅದನ್ನೇ ಎತ್ತಿ ಮಗುವಿಗೆ ಕೊಟ್ಟುಬಿಡುವ ರೂಢಿ.
ಅವನು ಹಾಗೆ ಕರೆದು ಎಷ್ಟೋ ಕಾಲವಾಗಿತ್ತು.

ಕೊನೆಯದು, ಎಡ ಮುಂದಿನ ಚಕ್ರ,
ನನ್ನ ಪಾದಕ್ಕೆ ಒಂದು ಗೇಣು ದೂರ.
ಸ್ಪ್ಯಾನರು ಮರೆತು ಬಾಯಲ್ಲೇ ಅಂದ:
"ಹಿಡಿಯಪ್ಪ. ಹಿಡಿ."
ಹಿಡಿದೆ.
ಪೆಡಲು ಅರ್ಧಕ್ಕೇ ನಿಂತಿತು, ಕಲ್ಲು ಮೆಟ್ಟಿಲ ಹಾಗೆ.
ಎರಡು ಏಟು ಬರಲಿಲ್ಲ.
ಮರೆತನೋ, ನಳಿಗೆ ನೋಡುತ್ತ ಮಲಗಿದನೋ.
ನಾನೂ ಬಿಡಲಿಲ್ಲ, ಮೀನಖಂಡ ನಡುಗುವ ತನಕ.

ನಾಳೆ ತ್ಸಿಯಾಲಾ ನನ್ನ ಗಾಡಿಯಲ್ಲೇ ಬರುತ್ತಾಳಂತೆ,
ಐದು ಡಜನ್ ಮೊಟ್ಟೆ ಸಮೇತ.