ಹೊಡೆಯುವುದು, ಓಡಿಸುವುದು

ಕಾರವಾರದ ಆರ್‌ಟಿಓ ಮೈದಾನದಲ್ಲಿ ಸಾಹೇಬರು ಕೇಳಿದರು:
‘ಗಾಡಿ ಓಡಿಸೋಕೆ ಬರುತ್ತೇನಮ್ಮ?’
‘ಹೊಡೂಕೆ ಬತ್ತದೆ, ಸರ್.’
ಘಟ್ಟದಾಚೆಯವರು.
‘ಯಾರಿಗೆ?’ ಎಂದು ನಕ್ಕರು.

ನಮ್ಮಲ್ಲಿ ಹಾಗೇ.
ಬೀರಜ್ಜ ಎತ್ತಿನ ಗಾಡಿ ಹೊಡೆದ,
ಸಾಣಿಕಟ್ಟೆಯ ಉಪ್ಪು ಹೇರಿ.
ಕೈಯಲ್ಲಿ ಬಾರುಕೋಲು ಇತ್ತು;
ಎತ್ತಿನ ಬೆನ್ನು ಅದನ್ನು ಕಂಡದ್ದು
ನೊಣ ಕೂತಾಗ ಮಾತ್ರ.
ಅಪ್ಪ ಮೀನಿನ ಟೆಂಪೋ ಹೊಡೆದ,
ಅರಬೈಲು ಏರುವಾಗ ಡ್ಯಾಶ್‌ಬೋರ್ಡು ಸವರುತ್ತ:
‘ಬಾ ಮಗಾ, ಇನ್ನೊಂದೇ ತಿರುವು.’

ಓಡಿಸುವುದೆಂದರೆ ಬೇರೆ.
ಗದ್ದೆಗಿಳಿದ ಹಂದಿಯನ್ನು ಓಡಿಸುತ್ತಾರೆ,
ಒಣಮೀನಿಗೆ ಬಂದ ಕಾಗೆಯನ್ನು.
ಆಮೇಲೆ ನಮ್ಮನ್ನು.
ನೌಕಾನೆಲೆಗೆ ಜಾಗ ಬೇಕಾದಾಗ
ಯಾರೂ ಒಂದೇಟು ಹೊಡೆಯಲಿಲ್ಲ, ನಿಜ.
ಕಾಗದ ತೋರಿಸಿದರು, ತಾರೀಖು ಹೇಳಿದರು.
ಬಾಗಿಲ ಚೌಕಟ್ಟು, ಕೋಳಿಗೂಡು, ರುಬ್ಬುಗುಂಡು
ಎಲ್ಲ ಹೇರಿಕೊಂಡು ಅಪ್ಪನೇ ಹೊಡೆದ.
ಆ ದಿನ ಅವನ ಕೈ
ಡ್ಯಾಶ್‌ಬೋರ್ಡು ಮುಟ್ಟಲಿಲ್ಲ.

ಇಷ್ಟೆಲ್ಲ ಕೇಳಲು ಸಾಹೇಬರಿಗೆ ಪುರುಸೊತ್ತೆಲ್ಲಿ?
ಎಂಟು ಬರೆದೆ, ರಿವರ್ಸ್ ತೆಗೆದೆ,
ಕಂಬಕ್ಕೆ ಗೇಣು ದೂರದಲ್ಲಿ ನಿಲ್ಲಿಸಿದೆ.
‘ಚೆನ್ನಾಗಿ ಓಡಿಸ್ತೀಯ’ ಅಂದರು.

ಸಹಿ ಬೀಳುವ ತನಕ
ಸುಮ್ಮನಿದ್ದೆ.