ಗಾಜಿನ ಮೇಲಿನ ಎಳ್ಳು

ಯಾರದೋ ವಿಮಾನ, ಯಾರದೋ ಎಣ್ಣೆ.
ಎರಡೇ ಸೀಟು; ಇನ್ನೊಂದರಲ್ಲಿ ನನ್ನ ಬುತ್ತಿ, ನೀರಿನ ಬಾಟಲಿ.
ಮಂಗಳೂರಿನಿಂದ ಗೋವೆಗೆ, ರಿಪೇರಿಗೆಂದು,
ಒಯ್ದು ಮುಟ್ಟಿಸುವುದಷ್ಟೇ ನನ್ನ ಕೆಲಸ.
ಅಪ್ಪ ಮಂಜಗುಣಿಯ ತಾರಿಯಲ್ಲಿ
ಮೂವತ್ತೆರಡು ವರ್ಷ ಮಾಡಿದ್ದೂ ಇದನ್ನೇ:
ಕಂಡವರ ಮೋಟರ್‌ಸೈಕಲ್ಲು, ಕಂಡವರ ಬೆಲ್ಲದ ಡಬ್ಬಿ,
ಒಮ್ಮೆ ಒಂದಿಡೀ ದಿಬ್ಬಣ,
ಈ ದಡದಿಂದ ಆ ದಡಕ್ಕೆ.

ಆಕಾಶ ದೊಡ್ಡದು ಅನ್ನುತ್ತೀರಿ ನೀವು, ಕೆಳಗೆ ನಿಂತು.
ಬನ್ನಿ, ತೋರಿಸುತ್ತೇನೆ.
ಅರಗಾದ ಮೇಲೆ ಹಾಯುವಂತಿಲ್ಲ, ನೌಕಾನೆಲೆ.
ಬಲಕ್ಕೆ ಘಟ್ಟ, ಅದರ ತಲೆಗೆ ಮುಂಡಾಸು ಸುತ್ತಿದ ಮೋಡ.
ಎಡಕ್ಕೆ ಕಡಲೊಳಗೆ ತೀರಾ ದೂರ ಹೋದರೆ
ಇರುವ ಒಂದೇ ಎಂಜಿನ್ನಿನ ಕೆಮ್ಮು ಕೇಳತೊಡಗುತ್ತದೆ,
ಅದು ಕೆಮ್ಮದಿದ್ದರೂ.
ಉಳಿದದ್ದು ಕಾರವಾರದ ಮೀನುಪೇಟೆಯ ಓಣಿಯಷ್ಟು ಆಕಾಶ.
ಸಣ್ಣ ವಿಮಾನಗಳೆಲ್ಲ ಅದರಲ್ಲೇ ನುಸುಳಬೇಕು,
ಬುಟ್ಟಿಗೆ ಬುಟ್ಟಿ ತಾಗದಂತೆ.

ಪುಸ್ತಕದಲ್ಲಿ ಲೆಕ್ಕವಿದೆ, ಇಲ್ಲವೆಂದಲ್ಲ.
ಪಡುವಣಕ್ಕೆ ವಾಲಿ ಹೋಗುವವರಿಗೆ ಸಮಸಂಖ್ಯೆಯ ಸಾವಿರ, ಮೇಲೆ ಐನೂರು;
ಮೂಡಣಕ್ಕೆ ವಾಲಿ ಬರುವವರಿಗೆ ಬೆಸ, ಮೇಲೆ ಐನೂರು.
ನಡುವೆ ಸಾವಿರ ಅಡಿ ಗಾಳಿ, ಯಾರದೂ ಅಲ್ಲದ್ದು.
ಆದರೆ ಮೋಡ ಯಾವ ಶಾಲೆಗೆ ಹೋಗಿದೆ?
ನನ್ನನ್ನು ಐನೂರು ಕೆಳಗೆ ತಳ್ಳಿತು.
ಅವನನ್ನೂ ಏನೋ ಐನೂರು ಮೇಲೆತ್ತಿತ್ತು,
ಏನೆಂದು ಇಂದಿಗೂ ಗೊತ್ತಿಲ್ಲ.
ಅವನು ಗೋವೆಯ ಜೊತೆ ಮಾತಾಡುತ್ತಿದ್ದ, ನಾನು ಮಂಗಳೂರಿನ ಜೊತೆ,
ಇಬ್ಬರೂ ಬಹಳ ಸೌಜನ್ಯದಿಂದ.

ಕೂರ್ಮಗಡ ಬಲರೆಕ್ಕೆಯಡಿ ಸರಿಯುವಾಗ
ಗಾಜಿನ ಮೇಲೊಂದು ನೊಣ.
ಅಂಗಿಯ ತೋಳಿನಿಂದ ಒರೆಸಿದೆ. ಹೋಗಲಿಲ್ಲ.
ಹೊರಬದಿಯದು, ಅಂದುಕೊಂಡೆ,
ಇಳಿದ ಮೇಲೆ ನೋಡಿಕೊಂಡರಾಯಿತು.
ತಿಳಮಾತಿಯ ಕಪ್ಪು ಮರಳಿನ ಒಂದು ಕಣ, ಎಳ್ಳಿನಷ್ಟು,
ಇದ್ದಲ್ಲೇ ಇತ್ತು.

ಇದ್ದಲ್ಲೇ.

ಒಂಬತ್ತು ವರ್ಷ ನನಗೆ, ರಾತ್ರಿ, ದೋಣಿಯಲ್ಲಿ:
"ಆ ದೀಪ ನೋಡೇ ತಂಗೀ.
ಕಂಬದಿಂದ ಎಡಕ್ಕೆ ಸರದ್ರೆ ಅಂವನ ದಾರಿ ಅಂವಂಗೆ.
ಬಲಕ್ಕೆ ಸರದ್ರೂ ಅಷ್ಟೇಯ.
ಮೊಳೆ ಹೊಡದಂಗೆ ಕಂಬದಲ್ಲೇ ನಿಂತ್ರೆ
ಅಂವ ನಿನ್ನ ನೆಂಟ. ನಿನ್ನ ಮನೆಗೇ ಬಂದ."

ತರಬೇತಿಯಲ್ಲಿ ಇದನ್ನೇ ಕೋನ ಬರೆದು ಮೂರು ತಾಸು ಕಲಿಸಿದರು.
ಆಗ ನೆನಪಾದದ್ದು ಕೋನವಲ್ಲ,
ಅಪ್ಪನ ಕೈಯ ಸೀಗಡಿ ವಾಸನೆ.

ಎಳ್ಳು ಉದ್ದಾಯಿತು. ಉದ್ದಿಗೆ ರೆಕ್ಕೆ ಮೂಡಿತು.
ಬಲಕ್ಕೆ,
ಬುತ್ತಿ ಜಾರಿ ಬಾಗಿಲಿಗೆ ಬಡಿಯಿತು,
ಕಡಲು ಎದ್ದು ಬಲಗಿಟಕಿಯಲ್ಲಿ ಗೋಡೆಯಾಯಿತು.
ಎಡಗಿಟಕಿಯಲ್ಲಿ ಒಂದು ಹೊಟ್ಟೆ,
ಬಂಗುಡೆಯದರಷ್ಟು ಬಿಳಿ,
ಅದರ ಮೇಲೆ ಉದ್ದಕ್ಕೆ ಸೋರಿದ ಎಣ್ಣೆಯ ಗೆರೆ.
ಮುಖ ಕಾಣಲಿಲ್ಲ.
ಆಮೇಲೆ ಬರೀ ಕಾಳಿ, ಅಗಲಕ್ಕೆ ಬಾಯಿಬಿಟ್ಟುಕೊಂಡು
ಮಣ್ಣುಬಣ್ಣದ ನೀರನ್ನು ಉಪ್ಪಿಗೆ ಕೊಡುತ್ತ,
ಏನೂ ಆಗಿಲ್ಲವೆಂಬಂತೆ.
ಏನೂ ಆಗಿರಲಿಲ್ಲ ಕೂಡ.

ಗೋವೆಯಲ್ಲೊಂದು ಫಾರ್ಮು ತುಂಬಿಸಿದೆ.
'ಇಬ್ಬರ ನಡುವಿನ ಅಂತರ' ಎಂಬ ಖಾನೆಯಲ್ಲಿ
'ಎಣ್ಣೆಯ ಗೆರೆ ಕಾಣುವಷ್ಟು' ಎಂದು ಬರೆದು,
ಹೊಡೆದುಹಾಕಿ,
'ಇನ್ನೂರು ಅಡಿ' ಎಂದೆ.
ಆಮೇಲೆ ಚಿಂದಿ ಒದ್ದೆ ಮಾಡಿ ಗಾಜು ಒರೆಸಿದೆ,
ಒಳಗೂ, ಹೊರಗೂ, ಎರಡು ಸಲ.
ಒಂದೂ ನೊಣ ಇರಲಿಲ್ಲ.

ಸೇತುವೆ ಬಂದು ತಾರಿ ನಿಂತಿದೆ ಈಗ.
ಭಾನುವಾರ ಅಪ್ಪ ಜಗಲಿಯಲ್ಲಿ ಬಲೆಯ ಹರಕು ಹೊಲಿಯುತ್ತಿದ್ದ.
ಎಲ್ಲ ಹೇಳಿದೆ. ತಲೆಯೆತ್ತಲಿಲ್ಲ.
"ಅಂವನೂ ಬಲಕ್ಕೇ ಹೊಳ್ಸಿದ್ನ?"
ಹೂಂ, ಅಂದೆ.
ದಾರವನ್ನು ಹಲ್ಲಿನಿಂದ ಕಡಿದ.
"ಹಂಗಾರೆ ನಮ್ಮಂವನೇಯ."